ಗಡಿನಾಡಿನ ಅಂಗಡಿಯೂ ಬದಲಾಗುವ ಕಾನೂನೂ

ಮಂಗಳೂರಿನಿಂದ ಹೊರಟು ತಲಪಾಡಿಯ ಗಡಿಯನ್ನು ದಾಟಿ ಮಂಜೇಶ್ವರದ ಕಡೆಗೆ ಬರುವ ಪ್ರಯಾಣಿಕನಿಗೆ ನೆಲದಲ್ಲಿ ಯಾವ ಭೇದವೂ ತೋರದು. ಅದೇ ತೆಂಗು, ಅದೇ ಕಂಗು, ಅದೇ ಕೆಂಪು ಮಣ್ಣು, ಕಿವಿಗೆ ಬೀಳುವ ತುಳು ಕನ್ನಡಗಳೂ ಅವೇ. ಆದರೆ ಆ ಒಂದು ಗೆರೆಯನ್ನು ದಾಟಿದೊಡನೆ ಅಂಗಡಿಯಲ್ಲಿ ದುಡಿಯುವ ನೌಕರನ ಕೆಲಸದ ಗಂಟೆ, ವಿಶ್ರಾಂತಿಯ ಹೊತ್ತು, ರಜೆಗಳ ಪಟ್ಟಿ, ಕನಿಷ್ಠ ಸಂಬಳ ಇವೆಲ್ಲವೂ ಬೇರೆಯಾಗುತ್ತವೆ. ಕಣ್ಣಿಗೆ ಕಾಣದ ಈ ಗಡಿಯನ್ನು ಅರಿತು ನಡೆಯುವುದು ನಮ್ಮ ಕಾಸರಗೋಡು ಸೀಮೆಯ ವ್ಯಾಪಾರಿಗಳ ಪಾಲಿಗೆ ನಿತ್ಯದ ಅಗತ್ಯವಾಗಿದೆ.

ನಮ್ಮ ಶಾಲೆಗಳ ಮಕ್ಕಳ ಹೆತ್ತವರಲ್ಲಿ ಜವಳಿ ಅಂಗಡಿ, ದಿನಸಿ ಅಂಗಡಿ, ಹೋಟೆಲು, ಮುದ್ರಣಾಲಯ ಮೊದಲಾದವುಗಳನ್ನು ನಡೆಸುವವರು ಅನೇಕರಿದ್ದಾರೆ. ತಾವು ಸಣ್ಣವರು, ತಮಗೇಕೆ ಕಾನೂನಿನ ಗೊಡವೆ ಎಂದು ಅವರಲ್ಲಿ ಕೆಲವರು ಭಾವಿಸುವುದುಂಟು. ಇಬ್ಬರು ಮೂವರನ್ನು ಸಂಬಳಕ್ಕೆ ಇಟ್ಟುಕೊಂಡವನೂ ಕಾನೂನಿನ ದೃಷ್ಟಿಯಲ್ಲಿ ಯಜಮಾನನೇ ಸರಿ. ಜವಾನ, ಅಡುಗೆಯವರು, ವಾಹನ ಚಾಲಕ ಇವರಿಗೆ ಸಂಬಳ ಕೊಡುವ ವಿದ್ಯಾಸಂಘವೂ ಯಜಮಾನನೇ. ಯಜಮಾನನಾದವನಿಗೆ ಕಾನೂನು ತಿಳಿದಿಲ್ಲವೆಂಬುದು ಸಮಾಧಾನವಾಗಲಾರದು. ಅದಕ್ಕಿಂತ ಹೆಚ್ಚಾಗಿ, ಅವನ ಅಜ್ಞಾನದ ನಷ್ಟವನ್ನು ಮೊದಲು ಹೊರುವವನು ಅವನಲ್ಲ, ಅವನ ಕೈಕೆಳಗೆ ದುಡಿಯುವವನು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ವಿಷಯವನ್ನು ವಿಚಾರಿಸೋಣ.

ಮೊದಲು ಒಂದಿಷ್ಟು ಹಿಂದಿನ ಕಥೆ. ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮದರಾಸು ಪ್ರಾಂತದಲ್ಲಿದ್ದಾಗ ಮಂಗಳೂರಿಗೂ ಕಾಸರಗೋಡಿಗೂ ಒಂದೇ ಕಾನೂನು ಇತ್ತು. ಅದು 1947ರ ಮದರಾಸು ಅಂಗಡಿ ಮತ್ತು ಸಂಸ್ಥೆಗಳ ಕಾನೂನು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಗಳೂರು ಮೈಸೂರು ರಾಜ್ಯಕ್ಕೂ, ಕಾಸರಗೋಡು ಕೇರಳಕ್ಕೂ ಸೇರಿದುವು. ರಾಜ್ಯ ಬದಲಾದ ಮರುದಿನವೇ ಕಾನೂನು ಬದಲಾಗಲಿಲ್ಲ. ಹೊಸ ಸರಕಾರಗಳು ತಮ್ಮ ಕಾನೂನನ್ನು ಮಾಡುವವರೆಗೆ ಹಳೆಯದೇ ಮುಂದುವರಿಯಿತು. ಅನಂತರ ಕೇರಳವು 1960ರಲ್ಲಿ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನನ್ನು ಮಾಡಿತು. ಮೈಸೂರು ರಾಜ್ಯವು 1961ರಲ್ಲಿ ತನ್ನದನ್ನು ಮಾಡಿತು. ಒಂದೇ ತಾಯಿಯ ಮನೆಯಿಂದ ಹೊರಟ ಇಬ್ಬರು ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಬೆಳೆದು ಬೇರೆ ಬೇರೆ ನಡತೆಯನ್ನು ಕಲಿತಂತೆ ಈ ಎರಡು ಕಾನೂನುಗಳು ಬೆಳೆದಿವೆ.

ರಾಜ್ಯಕ್ಕೊಂದು ಕಾನೂನು ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಅಧಿಕಾರಗಳ ಮೂರು ಪಟ್ಟಿಗಳಿವೆ. ಕೆಲವು ವಿಷಯಗಳು ಕೇಂದ್ರಕ್ಕೆ, ಕೆಲವು ರಾಜ್ಯಕ್ಕೆ, ಇನ್ನು ಕೆಲವು ಇಬ್ಬರಿಗೂ ಸೇರಿವೆ. ಕಾರ್ಮಿಕರ ಹಿತ, ಕಾರ್ಮಿಕ ವಿವಾದ, ಸಾಮಾಜಿಕ ಭದ್ರತೆ ಇವು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಆದುದರಿಂದ ಡೆಲ್ಲಿಯ ಪಾರ್ಲಿಮೆಂಟೂ ಕಾನೂನು ಮಾಡುತ್ತದೆ, ತಿರುವನಂತಪುರದ ವಿಧಾನಸಭೆಯೂ ಮಾಡುತ್ತದೆ. ಯಜಮಾನನು ಎರಡು ಕಡೆಗೂ ಕಣ್ಣಿಟ್ಟಿರಬೇಕಾಗುತ್ತದೆ.

ಇನ್ನು ಉದಾಹರಣೆಗೆ ಬರೋಣ. ಮಂಗಳೂರಿನಲ್ಲಿ ಒಂದು, ಕಾಸರಗೋಡಿನಲ್ಲಿ ಒಂದು ಹೀಗೆ ಎರಡು ಜವಳಿ ಅಂಗಡಿಗಳನ್ನು ಇಟ್ಟುಕೊಂಡ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳಿರಿ. ಕರ್ನಾಟಕದ 1961ರ ಕಾನೂನಿನಲ್ಲಿ ನೌಕರನ ದಿನದ ಕೆಲಸದ ಮಿತಿ 9 ಗಂಟೆ. ಕೇರಳದ 1960ರ ಕಾನೂನಿನಲ್ಲಿ 8 ಗಂಟೆ. ವಾರದ ಮಿತಿ ಎರಡು ಕಡೆಯೂ 48 ಗಂಟೆ. ಅಲ್ಲಿ 5 ಗಂಟೆಗಳ ಕೆಲಸದ ಬಳಿಕ ವಿಶ್ರಾಂತಿ ಕೊಡಬೇಕು. ಇಲ್ಲಿ 4 ಗಂಟೆಗಳಾಗುತ್ತಲೇ ಒಂದು ಗಂಟೆಯ ವಿಶ್ರಾಂತಿ ಸಲ್ಲಬೇಕು. ವ್ಯಾಪಾರಿಯು ಮಂಗಳೂರಿನ ವೇಳಾಪಟ್ಟಿಯನ್ನೇ ಕಾಸರಗೋಡಿನ ಗೋಡೆಗೆ ಅಂಟಿಸಿದನೆನ್ನೋಣ. ಹಬ್ಬದ ದಿನಗಳಲ್ಲಿ ನೌಕರನು 9 ಗಂಟೆ ದುಡಿದರೆ ಮಂಗಳೂರಿನಲ್ಲಿ, ವಾರದ ಮಿತಿ ಮೀರದಿದ್ದ ಪಕ್ಷದಲ್ಲಿ, ಅದು ಸಾಮಾನ್ಯ ಕೆಲಸ. ಕಾಸರಗೋಡಿನಲ್ಲಾದರೆ ಆ ಒಂಬತ್ತನೆಯ ಗಂಟೆ ಹೆಚ್ಚಿನ ಕೆಲಸ. ಅದಕ್ಕೆ ಇಮ್ಮಡಿ ದರದಲ್ಲಿ ಕೂಲಿ ಕೊಡಬೇಕು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ದಿನಕ್ಕೆ 600 ರೂಪಾಯಿ ಸಂಬಳವಿದ್ದರೆ 8 ಗಂಟೆಯಂತೆ ಗಂಟೆಗೆ 75 ರೂಪಾಯಿಯಾಯಿತು. ಅದರ ಇಮ್ಮಡಿ 150 ರೂಪಾಯಿ. ತಿಂಗಳಿನಲ್ಲಿ ಹತ್ತು ದಿನ ಹೀಗೆ ನಡೆದರೆ 1,500 ರೂಪಾಯಿ. ವ್ಯಾಪಾರಿಯು ಕಳ್ಳನಲ್ಲ, ಆದರೂ ನೌಕರನಿಗೆ ಸಲ್ಲಬೇಕಾದ 1,500 ರೂಪಾಯಿ ಅವನ ಪೆಟ್ಟಿಗೆಯಲ್ಲಿ ಉಳಿಯಿತು. ಒಂದು ಬಡ ಮನೆಯ ಅಕ್ಕಿಯ ಖರ್ಚಿನ ದೊಡ್ಡ ಪಾಲು ಅದು.

ರಜೆಯ ವಿಷಯವೂ ಹೀಗೆಯೇ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾನೂನಿನಲ್ಲಿ ನವೆಂಬರ್ 1, ಕನ್ನಡ ರಾಜ್ಯೋತ್ಸವದ ದಿನ, ಸಂಬಳಸಹಿತವಾದ ಕಡ್ಡಾಯ ರಜೆ. ಕೇರಳದ ರಜೆಗಳ ಕಾನೂನು 1958ರದು. ಅದರ ಪಟ್ಟಿ ಬೇರೆ. ಒಂದು ಅಂಗಡಿಯ ಪಂಚಾಂಗ ಇನ್ನೊಂದಕ್ಕೆ ನಡೆಯದು. ತೋಟದ ಆಳುಗಳಿಗಂತೂ ಅಂಗಡಿಯ ಕಾನೂನೇ ಅಲ್ಲ. ಅವರಿಗಾಗಿ 1974ರ ಕೇರಳ ಕೃಷಿ ಕಾರ್ಮಿಕರ ಕಾನೂನು ಬೇರೆಯೇ ಇದೆ.

ಇಷ್ಟು ಸ್ಥಳಭೇದದ ಮಾತಾಯಿತು. ಇನ್ನು ಕಾಲಭೇದ. ಒಂದೇ ರಾಜ್ಯದ ಒಂದೇ ಕಾನೂನು ಕೂಡ ಇದ್ದಂತೆ ಇರುವುದಿಲ್ಲ. ಇದಕ್ಕೆ ಕೇರಳದ ಕುರ್ಚಿಯ ಕಥೆಗಿಂತ ಉತ್ತಮವಾದ ನಿದರ್ಶನ ಸಿಗಲಾರದು. ಜವಳಿ ಅಂಗಡಿಗಳಲ್ಲಿ ಸೀರೆಗಳನ್ನು ಬಿಡಿಸಿ ತೋರಿಸುವ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿಯೂ ಗೋಡೆಗೆ ಒರಗಬಾರದು, ಕುಳಿತುಕೊಳ್ಳಬಾರದು ಎಂಬುದು ಅನೇಕ ಅಂಗಡಿಗಳ ಕಟ್ಟುಪಾಡಾಗಿತ್ತು. ಕಾಲು ಬಾತು, ನರ ಉಬ್ಬಿ, ಸೊಂಟ ನೋಯುತ್ತಿದ್ದುವು. ಮೂತ್ರಾಲಯದ ಅನುಕೂಲವಿಲ್ಲದೆ ನೀರು ಕುಡಿಯಲೂ ಹೆದರುವ ಸ್ಥಿತಿ ಇತ್ತು. ಕೋಝಿಕೋಡಿನ ಪಿ. ವಿಜಿ ಎಂಬ ದರ್ಜಿ ಹೆಂಗಸು ಇಂಥವರನ್ನು ಒಂದುಗೂಡಿಸಿ 'ಪೆಣ್‌ಕೂಟ್ಟು' ಎಂಬ ಸಂಘವನ್ನು ಕಟ್ಟಿದರು. ಮಲೆಯಾಳದ 'ಪೆಣ್' ನಮ್ಮ 'ಹೆಣ್ಣು'. 'ಕೂಟ್ಟು' ಎಂದರೆ ಜೊತೆ, ಕೂಟ. 2014ರಲ್ಲಿ ತೃಶ್ಶೂರಿನಲ್ಲಿ ಅಂಗಡಿಯ ಹೆಂಗಸರು ಕುಳಿತುಕೊಳ್ಳುವ ಹಕ್ಕಿಗಾಗಿ ಮುಷ್ಕರ ಹೂಡಿದರು.

ಈ ಪ್ರಯತ್ನಗಳ ಫಲವಾಗಿ 2018ರಲ್ಲಿ ಕೇರಳ ಸರಕಾರವು 1960ರ ಕಾನೂನಿಗೆ ತಿದ್ದುಪಡಿ ಮಾಡಿ, ಕೆಲಸದ ನಡುವೆ ಅವಕಾಶ ದೊರೆತಾಗ ಕುಳಿತುಕೊಳ್ಳಲು ನೌಕರರೆಲ್ಲರಿಗೂ ಆಸನದ ಏರ್ಪಾಡು ಇರತಕ್ಕದ್ದೆಂದು ವಿಧಿಸಿತು. 2021ರಲ್ಲಿ ತಮಿಳುನಾಡು ಕೂಡ ತನ್ನ ಕಾನೂನಿಗೆ ಇಂಥದೇ ವಿಧಿಯನ್ನು ಸೇರಿಸಿತು. ಅದು ಹಿಂದೆ ಕಾಸರಗೋಡಿಗೂ ಅನ್ವಯಿಸಿದ್ದ ಆ 1947ರ ಕಾನೂನೇ ಎಂಬುದನ್ನು ಗಮನಿಸಬೇಕು. 2018ರ ತಿದ್ದುಪಡಿಯಲ್ಲಿ ಬೇರೆ ಅಂಶಗಳೂ ಇದ್ದುವು. ಸಂಜೆ 7 ಗಂಟೆಯ ಬಳಿಕ ಹೆಂಗಸರಿಂದ ಕೆಲಸ ಮಾಡಿಸಕೂಡದೆಂಬ ಹಳೆಯ ನಿಯಮ ಸಡಿಲವಾಗಿ ಆ ಮಿತಿ 9 ಗಂಟೆಗೆ ಏರಿತು. 9ರ ಅನಂತರ ಕೆಲಸವಿದ್ದರೆ ಕನಿಷ್ಠ ಐವರ ಗುಂಪಿರಬೇಕು, ಅದರಲ್ಲಿ ಇಬ್ಬರಾದರೂ ಹೆಂಗಸರಿರಬೇಕು, ಮನೆ ಮುಟ್ಟಿಸುವ ವಾಹನದ ವ್ಯವಸ್ಥೆಯೂ ಇರಬೇಕು. ಅಂಗಡಿಯನ್ನು ವಾರದ ಏಳು ದಿನವೂ ತೆರೆಯಬಹುದಾಯಿತು. ಆದರೆ ಪ್ರತಿಯೊಬ್ಬ ನೌಕರನಿಗೂ ವಾರಕ್ಕೊಂದು ಪೂರ್ತಿ ದಿನದ ರಜೆ ತಪ್ಪಕೂಡದು. ಹಳೆಯದನ್ನೇ ನೆಚ್ಚಿದ ಯಜಮಾನನು ಇಲ್ಲಿ ಎರಡು ಬಗೆಯಲ್ಲಿ ಸೋಲುತ್ತಾನೆ. ಹೊಸದಾಗಿ ಬಂದ ಕರ್ತವ್ಯವನ್ನು ಮಾಡದೆ ದಂಡಕ್ಕೆ ಗುರಿಯಾಗುತ್ತಾನೆ. ಹೊಸದಾಗಿ ಬಂದ ಅನುಕೂಲವನ್ನು ತಿಳಿಯದೆ ವ್ಯಾಪಾರವನ್ನೂ ಕಳೆದುಕೊಳ್ಳುತ್ತಾನೆ.

ಕಾನೂನು ಯಾವ ದಿನದಿಂದ ನಡೆಯುತ್ತದೆಂಬುದನ್ನು ತಿಳಿಯುವುದು ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿ. ಪತ್ರಿಕೆಯಲ್ಲಿ 'ಹೊಸ ಕಾನೂನು' ಎಂಬ ತಲೆಬರಹ ಕಂಡಾಗ ಅದು ಮಸೂದೆಯೇ, ಅಧ್ಯಾದೇಶವೇ, ಅಂಗೀಕೃತ ಕಾನೂನೇ, ಜಾರಿಯ ಅಧಿಸೂಚನೆಯೇ ಎಂದು ವಿಚಾರಿಸಬೇಕು. ಪಾರ್ಲಿಮೆಂಟು ವೇತನ ಸಂಹಿತೆಯನ್ನು 2019ರಲ್ಲಿ ಅಂಗೀಕರಿಸಿತು. 2020ರಲ್ಲಿ ಇನ್ನು ಮೂರು ಸಂಹಿತೆಗಳನ್ನು ಅಂಗೀಕರಿಸಿತು. ಹಳೆಯ 29 ಕೇಂದ್ರ ಕಾನೂನುಗಳನ್ನು ಒಟ್ಟುಗೂಡಿಸಿದ ಈ ನಾಲ್ಕು ಸಂಹಿತೆಗಳು ಜಾರಿಗೆ ಬಂದುದು 2025ರ ನವೆಂಬರ್ 21ರಂದು. ಇಷ್ಟು ವರ್ಷಗಳ ನಡುವೆ 'ನಾಳೆಯೇ ಬಂತು' ಎಂದು ಗಾಬರಿಯಾದವರೂ ಇದ್ದರು, 'ಎಂದಿಗೂ ಬಾರದು' ಎಂದು ಮರೆತವರೂ ಇದ್ದರು. ವೇತನ ಸಂಹಿತೆಯ ಮೇರೆಗೆ ನೌಕರನನ್ನು ಬಿಡಿಸಿದರೂ, ಅವನು ತಾನಾಗಿ ಬಿಟ್ಟರೂ, ಅವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. 'ಮುಂದಿನ ತಿಂಗಳು ಬಾ' ಎನ್ನುವ ವಾಡಿಕೆ ಇನ್ನು ಸಲ್ಲದು. ಇಂಥ ಕೇಂದ್ರದ ಕಾನೂನಿಗೂ ಅನೇಕ ಕಡೆ ನಿಯಮಗಳನ್ನು ರಚಿಸುವ ಅಧಿಕಾರ ರಾಜ್ಯಕ್ಕಿರುವುದರಿಂದ ರಾಜ್ಯದ ಗೆಜೆಟ್ಟನ್ನೂ ನೋಡುತ್ತಿರಬೇಕಾಗುತ್ತದೆ.

ಸದ್ದಿಲ್ಲದೆ ಬದಲಾಗುವ ಅಂಶವೂ ಒಂದುಂಟು. ಅದು ಕನಿಷ್ಠ ವೇತನ. ರಾಜ್ಯ ಸರಕಾರವು ಬೇರೆ ಬೇರೆ ಉದ್ಯೋಗಗಳಿಗೆ ನಿಗದಿ ಮಾಡುವ ಈ ವೇತನದಲ್ಲಿ ಸಾಮಾನ್ಯವಾಗಿ ಮೂಲವೇತನ, ತುಟ್ಟಿಭತ್ಯೆ ಎಂದು ಎರಡು ಭಾಗಗಳಿರುತ್ತವೆ. ಮೂಲವೇತನವು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ತುಟ್ಟಿಭತ್ಯೆಯಾದರೋ ಅಕ್ಕಿ ಬೇಳೆಗಳ ಬೆಲೆಯನ್ನು ಅಳೆಯುವ ಬೆಲೆಸೂಚಿಯೊಡನೆ ಏರುತ್ತದೆ. ಕಾನೂನಿನ ಒಂದಕ್ಷರವೂ ಬದಲಾಗದೆ ಕೊಡಬೇಕಾದ ಮೊತ್ತ ಬದಲಾಗಿಬಿಡುತ್ತದೆ. ಹಿಂದಿನ ವರ್ಷದ ದರದಲ್ಲಿಯೇ ಸಂಬಳ ಕೊಟ್ಟು, 'ನಾನು ಒಂದು ದಿನವೂ ತಡಮಾಡಿಲ್ಲ' ಎಂದು ಹೆಮ್ಮೆ ಪಡುವ ಯಜಮಾನನು ಪ್ರತಿ ತಿಂಗಳೂ ಸಾಲಗಾರನಾಗುತ್ತಿರಬಹುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಲೆಕ್ಕದ ಪುಸ್ತಕದ ಪಕ್ಕದಲ್ಲಿ ಕಾನೂನಿನ ಒಂದು ಪುಸ್ತಕವಿರಲಿ. ತನ್ನ ಅಂಗಡಿಗೆ ಅನ್ವಯಿಸುವ ಕಾನೂನು ಯಾವುದು, ಅದರ ಕಡೆಯ ತಿದ್ದುಪಡಿ ಯಾವಾಗ, ಕಳೆದ ಬಾರಿ ಪರಿಶೀಲಿಸಿದ ದಿನ ಯಾವುದು, ಇವಿಷ್ಟನ್ನು ಅದರಲ್ಲಿ ಬರೆದಿಡಬೇಕು. ಎರಡನೆಯದಾಗಿ, ವರ್ಷದಲ್ಲಿ ಕೆಲವು ದಿನಗಳನ್ನು ಗೊತ್ತುಮಾಡಿ ಆ ದಿನ ತಪ್ಪದೆ ದರಗಳನ್ನು ಹೋಲಿಸಿ ನೋಡಬೇಕು. ಮೂರನೆಯದಾಗಿ, ಸಂಶಯ ಬಂದಾಗ ನೆರೆಯ ಅಂಗಡಿಯವನನ್ನು ಕೇಳಿ ಸುಮ್ಮನಾಗದೆ ಕಾರ್ಮಿಕ ಇಲಾಖೆಯ ಆಫೀಸಿನಲ್ಲಿ ವಿಚಾರಿಸಬೇಕು. ಉತ್ತರವನ್ನು ಬರಹದಲ್ಲಿ ಪಡೆದರೆ ಲೇಸು. ನಾಲ್ಕನೆಯದಾಗಿ, ಬದಲಾವಣೆಯನ್ನು ನೌಕರರಿಗೂ ತಿಳಿಸಬೇಕು. ದೂರದ ಬಂಗಾಳ, ಒಡಿಶಾ, ಅಸ್ಸಾಮುಗಳಿಂದ ಬಂದು ದುಡಿಯುವವರಿಗೂ ಇದೇ ಕಾನೂನು, ಇದೇ ಹಕ್ಕು.

ಈ ಕೆಲಸದಲ್ಲಿ ನಮ್ಮವರಿಗೆ ಒಂದು ವಿಶೇಷವಾದ ತೊಡಕಿದೆ. ಆಫೀಸಿನಿಂದ ಬರುವ ಸೂಚನೆಗಳು ಸಾಮಾನ್ಯವಾಗಿ ಮಲೆಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯ ವ್ಯಾಪಾರಿಯು ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾನೆ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಕೊಟ್ಟಿದೆ. ಅದನ್ನು ಕನ್ನಡಿಗರು ಸಂಕೋಚವಿಲ್ಲದೆ ಬಳಸಬೇಕು. ಅದರೊಡನೆ, ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ನೆರವೂ ಬೇಕು. ಕನ್ನಡವನ್ನು ಪಾಠದಲ್ಲಿ, ಮಲೆಯಾಳವನ್ನು ಪೇಟೆಯಲ್ಲಿ, ಇಂಗ್ಲಿಷನ್ನು ಪುಸ್ತಕದಲ್ಲಿ ಕಲಿತ ನೀವು ಮೂರು ಬಾಗಿಲುಗಳ ಕೀಲಿಕೈಯನ್ನು ಹಿಡಿದವರು. ತಂದೆಯವರ ಅಂಗಡಿಗೆ ಬಂದ ಸೂಚನೆಯನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿರಿ. ಗಂಟೆ, ದಿನ, ಮೊತ್ತ ಇವನ್ನು ತಪ್ಪಿಲ್ಲದೆ ಬರೆದುಕೊಡಿರಿ. ಭಾಷೆ ಕಲಿತುದರ ಸಾರ್ಥಕತೆ ಇದಕ್ಕಿಂತ ಬೇರೆ ಎಲ್ಲಿದೆ?

ಇಂದು ಶಾಲೆಯ ಬೆಂಚಿನ ಮೇಲೆ ಕುಳಿತ ನಿಮ್ಮಲ್ಲಿ ಕೆಲವರು ನಾಳೆ ಗಲ್ಲೆಯ ಮೇಲೆ ಕುಳಿತುಕೊಳ್ಳುವಿರಿ. ಕೆಲವರು ಅದರ ಎದುರು ನಿಂತು ದುಡಿಯುವಿರಿ. ಎರಡು ಕಡೆಯವರಿಗೂ ಕಾನೂನು ಒಂದೇ. ತನ್ನ ಮಗಳು ಇನ್ನೊಬ್ಬನ ಅಂಗಡಿಯಲ್ಲಿ ದಿನವಿಡೀ ನಿಲ್ಲಬೇಕಾಗಿ ಬಂದರೆ ಹೇಗೆ ಎಂದು ಯಜಮಾನನು ಒಮ್ಮೆ ಯೋಚಿಸಿದರೆ, ಕುರ್ಚಿಯೊಂದನ್ನು ತಂದಿಡಲು ಅಧಿಕಾರಿಯು ಬಂದು ಹೇಳುವವರೆಗೆ ಕಾಯಲಾರನು.