ಮಿದುಳಿನ ಮೇಳಕ್ಕೆ ಯಾವ ಅಳತೆಗೋಲು?

ಅಕ್ಕಿಯನ್ನು ಸೇರಿನಿಂದ ಅಳೆಯುವವನು ಚಿನ್ನವನ್ನೂ ಸೇರಿನಿಂದ ಅಳೆಯಲು ಹೊರಟರೆ ಅಂಗಡಿಯ ಹುಡುಗನೂ ನಕ್ಕಾನು. ಮಾನವು ವಸ್ತುವಿಗೆ ತಕ್ಕುದಾಗಿರಬೇಕು. ಮಿದುಳಿನ ಎರಡು ಭಾಗಗಳು ಕೂಡಿ ಕೆಲಸಮಾಡುತ್ತಿವೆಯೇ ಎಂಬುದನ್ನು ಅಳೆಯಹೊರಟ ವಿದ್ವಾಂಸರಿಗೂ ಇದೇ ತೊಡಕು ಒದಗಿದೆ. ಇದು ದೂರದ ಪಂಡಿತರ ವಾದವೆಂದು ವಾಚಕರು ಪುಟವನ್ನು ಮಗುಚಬಾರದಾಗಿ ಬೇಡುತ್ತೇವೆ. ಮಕ್ಕಳ ಬುದ್ಧಿಯ ಬೆಳವಣಿಗೆ, ಮುದುಕರ ಮರೆವು, ಚಿತ್ತವಿಕಾರ ಮೊದಲಾದ ವಿಷಯಗಳಲ್ಲಿ ಈಗ ಕೇಳಿಬರುವ ಎಷ್ಟೋ ಮಾತುಗಳಿಗೆ ಈ ಅಳತೆಯೇ ತಳಹದಿಯಾಗಿದೆ.

ಜರ್ಮನಿಯ ಯೇನಾ ನಗರದ ವೈದ್ಯರಾದ ಹಾನ್ಸ್ ಬರ್ಗರ್ ಅವರು ಮಾನವ ಮಿದುಳಿನ ವಿದ್ಯುತ್ತರಂಗಗಳ ಲೇಖವನ್ನು 1929ರಲ್ಲಿ ಪ್ರಕಟಿಸಿದರು. ರಕ್ತದಲ್ಲಿರುವ ಆಮ್ಲಜನಕದ ಏರಿಳಿತವನ್ನು ಎಂ.ಆರ್.ಐ. ಯಂತ್ರದಿಂದ ಕಾಣಬಹುದೆಂದು ಸೈಜಿ ಒಗಾವ ಮತ್ತು ಅವರ ಸಂಗಡಿಗರು 1990ರಲ್ಲಿ ತೋರಿಸಿದರು. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಭರತ್ ಬಿಸ್ವಾಲ್ ಅವರು, ಏನನ್ನೂ ಮಾಡದೆ ಸುಮ್ಮನೆ ಮಲಗಿದ್ದವರ ಮಿದುಳಿನಲ್ಲಿಯೂ, ಎಡಗೈ ಬಲಗೈಗಳನ್ನು ಆಡಿಸುವ ಎರಡು ಕ್ಷೇತ್ರಗಳು ಒಡಗೂಡಿ ಏರುತ್ತ ಇಳಿಯುತ್ತ ಇರುವುದನ್ನು ಕಂಡರು. ನರಗಳು ಹಾಸಿರುವ ದಾರಿ ಬೇರೆ, ವ್ಯಾಪಾರದಲ್ಲಿ ಕಾಣುವ ಈ ಮೇಳ ಬೇರೆ. ನಮ್ಮ ಪ್ರಸ್ತಾಪವು ಎರಡನೆಯದನ್ನು ಕುರಿತದ್ದು.

ಬಿಸ್ವಾಲರು ಬಳಸಿದುದು ಸಹಸಂಬಂಧಗುಣಕವೆಂಬ ಹಳೆಯ ಮಾನವನ್ನು. ಎರಡೂ ಸರಿಸಮವಾಗಿ ಏರಿಳಿದರೆ ಅದು 1, ಒಂದು ಏರಿದಂತೆ ಮತ್ತೊಂದು ಇಳಿದರೆ ಋಣ 1, ಹೊಂದಿಕೆಯಿಲ್ಲದಿದ್ದರೆ ಸೊನ್ನೆ. ಸುಲಭವಾದುದರಿಂದ ಇಂದಿಗೂ ಬಹುಮಂದಿ ಇದನ್ನೇ ಹಿಡಿದಿದ್ದಾರೆ. ಆದರೆ ನಮ್ಮ ತಾರ್ಕಿಕರು ಇಲ್ಲಿ ಸುಮ್ಮನಿರುತ್ತಿರಲಿಲ್ಲ. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂದರೆ ಅವರು ಒಪ್ಪರು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯು ನಡುವೆ ಅಡಗಿದೆಯೆಂಬುದು ಅವರ ಆಕ್ಷೇಪ. ಮಿದುಳಿನಲ್ಲಿಯೂ ಹೀಗೆಯೇ. ಎರಡು ಭಾಗಗಳು ಒಂದನ್ನೊಂದು ಅರಿಯದೆ, ಮೂರನೆಯದೊಂದರ ಅಪ್ಪಣೆಯಂತೆ ನಡೆದರೂ ಗುಣಕವು ದೊಡ್ಡದಾಗಿಯೇ ಬರುವುದು. ಆ ಮೂರನೆಯದರ ಪಾಲನ್ನು ಕಳೆದು ಉಳಿದುದನ್ನು ಮಾತ್ರ ಎಣಿಸುವ ಕ್ರಮಕ್ಕೆ ಆಂಶಿಕ ಸಹಸಂಬಂಧವೆಂದು ಹೆಸರು. ಉಪಾಧಿಯನ್ನು ತೆಗೆದಿಟ್ಟು ವ್ಯಾಪ್ತಿಯನ್ನು ನೋಡುವುದೆಂದೇ ನಾವು ಇದನ್ನು ತಿಳಿದಿದ್ದೇವೆ.

ಆಕ್ಸ್‌ಫರ್ಡಿನ ಸ್ಟೀಫನ್ ಸ್ಮಿತ್ ಮತ್ತು ಸಂಗಡಿಗರು ಗಣಕಯಂತ್ರದಲ್ಲಿ ಕೃತಕ ಮಿದುಳುಗಳನ್ನು ಕಲ್ಪಿಸಿ, ಯಾವುದು ಯಾವುದಕ್ಕೆ ಸೇರಿದೆಯೆಂಬುದನ್ನು ತಾವೇ ಗೊತ್ತುಮಾಡಿ, ಅನೇಕ ಮಾನಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಆಂಶಿಕ ಸಹಸಂಬಂಧದ ಜಾತಿಯ ಮಾನಗಳು ಚೆನ್ನಾಗಿ ತೇರ್ಗಡೆಯಾದುವು. ಯಾವುದು ಮುಂಚೆ, ಯಾವುದು ಆಮೇಲೆ ಎಂಬುದರಿಂದ ಕಾರ್ಯಕಾರಣವನ್ನು ಊಹಿಸುವವು ಹಿಂದೆ ಬಿದ್ದುವು. ಆಶ್ಚರ್ಯವಿಲ್ಲ. ನರಗಳು ಕೆಲಸಮಾಡಿದ ಸುಮಾರು ಐದು ಸೆಕೆಂಡುಗಳ ಮೇಲೆ ರಕ್ತದ ಉಬ್ಬರವು ತುದಿಮುಟ್ಟುವುದು, ಆ ವಿಳಂಬವೂ ಎಡೆಯಿಂದ ಎಡೆಗೆ ಬೇರೆ. ಮುಂಚೆ ಕಂಡುದು ಬೇಗ ಹರಿದ ರಕ್ತವಾಗಿರಬಹುದಲ್ಲವೆ? ಹಾಗೆಂದು ಆಂಶಿಕ ಮಾನವೂ ನಿರ್ದುಷ್ಟವಲ್ಲ. ಎರಡು ಸೆಕೆಂಡಿಗೊಂದರಂತೆ ಆರು ನಿಮಿಷ ಚಿತ್ರ ತೆಗೆದರೆ ಸಿಕ್ಕುವುದು 180 ಚಿತ್ರ. ಅದರಿಂದ 200 ಭಾಗಗಳ ಉಪಾಧಿಗಳನ್ನೆಲ್ಲ ಕಳೆಯುವೆನೆಂದರೆ, ವಿಶೇಷ ಯುಕ್ತಿಗಳ ನೆರವಿಲ್ಲದೆ ಗಣಿತವು ಬಾಗಿಲು ಮುಚ್ಚುವುದು.

ಇ.ಇ.ಜಿ.ಯಲ್ಲಿ ಕಷ್ಟವೇ ಬೇರೆ. ಒಂದೇ ಮೂಲದ ವಿದ್ಯುತ್ತು ತಲೆಬುರುಡೆಯಲ್ಲಿ ಹರಡಿ ಎರಡು ತಂತಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುವುದರಿಂದ ಇಲ್ಲದ ಮೇಳವು ತೋರುವುದು. ಅದಕ್ಕಾಗಿ 2004ರಲ್ಲಿ ಗೀಡೋ ನೋಲ್ಟೆ ಮತ್ತು ಸಂಗಡಿಗರೂ, 2007ರಲ್ಲಿ ಕಾರ್ನೆಲಿಸ್ ಸ್ಟಾಮ್ ಮತ್ತು ಸಂಗಡಿಗರೂ, ಕೊಂಚವಾದರೂ ಹಿಂದುಮುಂದಾಗಿ ಬರುವ ಮೇಳವನ್ನು ಮಾತ್ರ ಗಣಿಸುವ ಮಾನಗಳನ್ನು ಸೂಚಿಸಿದರು. ನಿಜವಾಗಿಯೇ ಒಂದೇ ಕ್ಷಣದಲ್ಲಿ ನಡೆಯುವ ಮೇಳವೂ ಇದರಿಂದ ಲೋಪವಾಗುವುದು. ಕಳ್ಳನೊಡನೆ ನೆಂಟನನ್ನೂ ಹೊರಗೆ ನಿಲ್ಲಿಸಿದಂತಾಯಿತು. ಆದರೂ ಕಳ್ಳನು ಒಳಗಿರುವುದಕ್ಕಿಂತ ಅದು ಲೇಸೆಂದು ನಮಗೆ ತೋರುತ್ತದೆ.

ಕಾಕತಾಳೀಯದ ಭಯವೊಂದು ಉಳಿದಿದೆ. ನೂರು ಭಾಗಗಳಿದ್ದರೆ ಜೋಡಿಗಳು 4950. ನೂರಕ್ಕೆ ಐದು ತಪ್ಪಾದರೂ ಆಗಲಿ ಎಂದು ಹೊರಟರೆ, ಯಾವ ಸಂಬಂಧವೂ ಇಲ್ಲದಲ್ಲಿಯೂ ಸುಮಾರು 247 ಜೋಡಿಗಳು ಬರಿದೆ ಹೊಳೆಯುವುವು. ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು ಮನುಷ್ಯರ ಚಿತ್ರಗಳನ್ನು ತೋರಿಸಿ, ತಿದ್ದುಪಡಿಯಿಲ್ಲದ ಲೆಕ್ಕದಲ್ಲಿ ಅದರ ಮಿದುಳೂ 'ಕೆಲಸಮಾಡುವುದನ್ನು' ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಪ್ರದರ್ಶಿಸಿದರು.

ಇವೆಲ್ಲಕ್ಕಿಂತ ಮನೆಯವರಿಗೆ ಹತ್ತಿರವಾದ ಸಂಗತಿಯೊಂದುಂಟು. ಚಿಕ್ಕ ಮಕ್ಕಳಲ್ಲಿ ಹತ್ತಿರದ ಭಾಗಗಳ ಸಂಬಂಧ ಬಲವಾಗಿಯೂ ದೂರದವುಗಳದು ದುರ್ಬಲವಾಗಿಯೂ ಇದ್ದು, ಬೆಳೆದಂತೆ ಅದು ಬದಲಾಗುವುದೆಂದು ಹೇಳುತ್ತಿದ್ದರು. ತಲೆಯು ಒಂದು ಮಿಲಿಮೀಟರಿನ ಅಂಶದಷ್ಟು ಅಲುಗಿದರೂ ಇದೇ ಬಗೆಯ ವ್ಯತ್ಯಾಸವು ಹುಟ್ಟುವುದೆಂದು 2012ರಲ್ಲಿ ಅಮೆರಿಕದ ಮೂರು ತಂಡಗಳು ತೋರಿಸಿದುವು. ದೊಡ್ಡವರಿಗಿಂತ ಮಕ್ಕಳು ಹೆಚ್ಚು ಅಲುಗುವರು, ರೋಗಿಗಳೂ ಹಾಗೆಯೇ. ಬೆಳವಣಿಗೆಯೆಂದು ಬರೆದುಕೊಂಡುದರಲ್ಲಿ ಒಂದು ಪಾಲು ಬರಿಯ ಚಾಂಚಲ್ಯವಾಗಿದ್ದಿತು! ಈಗ ಅಲುಗಿದ ಚಿತ್ರಗಳನ್ನು ತೆಗೆದುಹಾಕಿ ಲೆಕ್ಕಮಾಡುವರು; ಉಳಿದವು ತೀರ ಕಡಮೆಯಾದರೆ ಆ ಮಗುವಿನ ಲೆಕ್ಕವನ್ನೇ ಬಿಡುವರು. ಕೆಲವು ಪ್ರಯೋಗಶಾಲೆಗಳಲ್ಲಿ ಮಕ್ಕಳನ್ನು ಮೊದಲು ಹುಸಿಯಂತ್ರವೊಂದರಲ್ಲಿ ಮಲಗಿಸಿ, ಅದರ ಸದ್ದಿಗೆ ಒಗ್ಗಿಸಿ, ನಿಶ್ಚಲವಾಗಿರುವುದನ್ನು ಅಭ್ಯಾಸಮಾಡಿಸುವರು. ತರಗತಿಯಲ್ಲಿ ಐದು ನಿಮಿಷ ಅವರನ್ನು ಅಲುಗದಂತೆ ಕೂರಿಸುವುದು ಎಂತಹ ಕೆಲಸವೆಂದು ಬಲ್ಲ ನಮಗೆ, ಆ ಹುಸಿಯಂತ್ರದ ಬಳಿ ನಿಂತು ಕಲಿಸುವವರ ಮೇಲೆ ವಿಶೇಷ ಗೌರವವುಂಟು.