ಹಸುರು ಹೂಕೋಸಿನ ಗುಣ

ತರಕಾರಿಯ ಅಂಗಡಿಯಲ್ಲಿ ಹೂಕೋಸಿನ ಪಕ್ಕದಲ್ಲಿ, ಅದರದೇ ಆಕಾರದ, ಆದರೆ ಗಾಢ ಹಸುರು ಬಣ್ಣದ ತರಕಾರಿಯೊಂದು ಈಗ ಕಾಣಸಿಗುತ್ತದೆ. ಬ್ರಾಕೊಲಿ ಎಂಬುದು ಅದರ ಹೆಸರು. ಬೆಲೆ ತುಸು ಬಿಗಿಯಾದುದರಿಂದ, ಕೊಟ್ಟ ಹಣಕ್ಕೆ ತಕ್ಕ ಫಲ ಉಂಟೇ ಎಂದು ಗೃಹಿಣಿಯರು ಕೇಳುವುದು ಸಹಜ. ಫಲವೇನೋ ಉಂಟು, ಆದರೆ ಅದು ದಕ್ಕುವುದೂ ಕೈತಪ್ಪುವುದೂ ಅಡಿಗೆಯ ಮನೆಯಲ್ಲಿ.

ಬ್ರಾಕೊಲಿಯ ತವರು ಇಟಲಿ. ಆ ನಾಡಿನ ನುಡಿಯಲ್ಲಿ ಈ ಹೆಸರಿಗೆ ಎಳೆಯ ಚಿಗುರು ಎಂದರ್ಥ. ನಾವು ತಿನ್ನುವುದು ಅದರ ಅರಳದ ಮೊಗ್ಗುಗಳನ್ನು. ಎಲೆಕೋಸು, ಹೂಕೋಸು, ನವಿಲುಕೋಸುಗಳೂ ಇದೇ ಸಸ್ಯಜಾತಿಗೆ ಸೇರಿದ ಒಡಹುಟ್ಟುಗಳು.

ನೂರು ಗ್ರಾಂ ಹಸಿ ಬ್ರಾಕೊಲಿಯಲ್ಲಿ ಸುಮಾರು ೯೦ ಮಿಲಿಗ್ರಾಂ 'ಸಿ' ಜೀವಸತ್ವವಿದೆ. ವಯಸ್ಕರೊಬ್ಬರ ದಿನದ ಅಗತ್ಯಕ್ಕೆ ಇಷ್ಟು ಸಾಕು. ನಾರು, ಫೋಲೇಟ್ ಹಾಗೂ 'ಕೆ' ಜೀವಸತ್ವಗಳೂ ಇವೆ. ಶಾಖವಾದರೋ ೩೪ ಕ್ಯಾಲೊರಿ ಮಾತ್ರ.

೧೯೯೨ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಪಾಲ್ ತಲಾಲೆಯವರೂ ಅವರ ಸಂಗಡಿಗರೂ ಬ್ರಾಕೊಲಿಯಿಂದ ಸಲ್ಫೊರಾಫೇನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ವಿಷವಸ್ತುಗಳನ್ನು ನಿವಾರಿಸುವ ದೇಹದ ಕಿಣ್ವಗಳನ್ನು ಇದು ಚುರುಕುಗೊಳಿಸುತ್ತದೆ. ಇದರಿಂದ ಕ್ಯಾನ್ಸರ್ ಗುಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಸಿದ್ಧಪಟ್ಟ ಮಾತಲ್ಲ.

ಸ್ವಾರಸ್ಯದ ಸಂಗತಿಯೆಂದರೆ, ಇಡಿಯಾದ ಬ್ರಾಕೊಲಿಯಲ್ಲಿ ಸಲ್ಫೊರಾಫೇನ್ ಇರುವುದೇ ಇಲ್ಲವೆನ್ನಬಹುದು! ಅದರ ಮೂಲದ್ರವ್ಯ ಒಂದೆಡೆ, ಅದನ್ನು ಮಾರ್ಪಡಿಸುವ ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದೆಡೆ ಅಡಗಿರುತ್ತವೆ. ಹೆಚ್ಚಿದಾಗ ಅಥವಾ ಅಗಿದಾಗ ಇವೆರಡೂ ಕೂಡಿ ಸಲ್ಫೊರಾಫೇನ್ ಹುಟ್ಟುತ್ತದೆ. ಒಲೆಯ ಕಾವಿಗೆ ಈ ಕಿಣ್ವ ಬಲುಬೇಗ ನಾಶವಾಗುತ್ತದೆ. ಇನ್ನು 'ಸಿ' ಜೀವಸತ್ವವು ಬೇಯಿಸಿದ ನೀರಿಗೆ ಇಳಿದು, ನೀರು ಬಸಿದೊಡನೆ ಬಚ್ಚಲಿನ ಪಾಲಾಗುತ್ತದೆ. ಬಹಳ ಹೊತ್ತು ಕುದಿಸಿದರೆ ಗಂಧಕದ ವಾಸನೆ ಎದ್ದು, ಮಕ್ಕಳು ಮೂಗು ಮುರಿಯುವುದೂ ನಿಶ್ಚಯ.

ಆದುದರಿಂದ ಮೊದಲು ತೊಳೆದು, ಸಣ್ಣಗೆ ಹೆಚ್ಚಿ, ಮುಕ್ಕಾಲು ಗಂಟೆ ಹಾಗೆಯೇ ಬಿಡಿ. ಅನಂತರ ಮೂರು ನಾಲ್ಕು ನಿಮಿಷ ಮಾತ್ರ ಹಬೆಯಲ್ಲಿ ಬೇಯಿಸಿ. ಬಣ್ಣ ಕಂದುವ ಮುನ್ನ ಇಳಿಸಿರಿ.

ನಮ್ಮ ಅಡಿಗೆಗೆ ಒಗ್ಗುವ ಇನ್ನೊಂದು ಉಪಾಯವೂ ಉಂಟು. ಸಾಸಿವೆಯಲ್ಲಿಯೂ ಮೈರೊಸಿನೇಸ್ ಇದೆ. ಬೆಂದ ಬ್ರಾಕೊಲಿಯೊಡನೆ ಸಾಸಿವೆಯ ಪುಡಿಯನ್ನು ಬೆರೆಸಿ ತಿಂದವರ ದೇಹಕ್ಕೆ ಸಲ್ಫೊರಾಫೇನ್ ಹೆಚ್ಚಾಗಿ ದಕ್ಕಿತೆಂದು ೨೦೧೮ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಿಂದ ಈ ಪ್ರಯೋಜನವಿಲ್ಲ, ಹಸಿಯದೇ ಆಗಬೇಕು. ಹಸಿ ಸಾಸಿವೆಯನ್ನು ತೆಂಗಿನಕಾಯಿಯೊಡನೆ ಅರೆದು, ಮೊಸರಿನಲ್ಲಿ ಕಲಸಿ 'ಸಾಸಿವೆ' ಮಾಡುವ ಪದ್ಧತಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆಯಷ್ಟೆ! ಬೆಂದ ಬ್ರಾಕೊಲಿ ತಣಿದ ಮೇಲೆ ಅದನ್ನು ಬೆರೆಸಿದರಾಯಿತು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆಯನ್ನು ಸೇವಿಸುವವರು, 'ಕೆ' ಜೀವಸತ್ವದ ಕಾರಣ, ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಬ್ರಾಕೊಲಿಯ ಬೆಲೆ ಕೈಗೆಟುಕದವರು ಕೊರಗಬೇಕಾದುದಿಲ್ಲ. ಎಲೆಕೋಸು, ನವಿಲುಕೋಸುಗಳೂ ಅದೇ ಮನೆತನದವು. ಅವನ್ನೂ ಹದವರಿತು ಬೇಯಿಸಿದರೆ ಸತ್ವ ತಟ್ಟೆಯಲ್ಲಿಯೇ ಉಳಿಯುತ್ತದೆ.