ತಿದ್ದುವ ಉಪಕರಣವನ್ನು ತಿದ್ದುವವರು

ನೇತ್ರಾವತಿಯ ದಡದಲ್ಲಿರುವ ಬಂಟ್ವಾಳದ ಹಳೆಯ ಪೇಟೆಗೆ ನೆರೆ ಹೊಸತಲ್ಲ. 1974ರ ಮಳೆಗಾಲದಲ್ಲಿ ನದಿಯು ಉಕ್ಕಿ ಬಂದು ಪೇಟೆಯನ್ನು ಮುಳುಗಿಸಿತು. ಇಂಥ ನೆರೆಯಲ್ಲಿ ಅಕ್ಕಿ, ಬಟ್ಟೆ, ದಾಖಲೆಗಳು ಹಾಳಾಗುವಂತೆಯೇ ಗೋಡೆಯ ಮೇಲೆ ತೂಗುಹಾಕಿದ ಛಾಯಾಚಿತ್ರಗಳೂ ಹಾಳಾಗುತ್ತವೆ. ಅಕ್ಕಿಯನ್ನು ಮತ್ತೆ ಕೊಳ್ಳಬಹುದು. ಅಜ್ಜ ಅಜ್ಜಿಯರ ಮದುವೆಯ ಏಕೈಕ ಚಿತ್ರವನ್ನು ಕೊಳ್ಳಲಾಗುವುದಿಲ್ಲ. ನೀರಿನ ಕಲೆ ಹತ್ತಿದ ಅಂಥ ಚಿತ್ರವನ್ನು ಹಿಡಿದು ಸ್ಟುಡಿಯೋದ ಮೆಟ್ಟಿಲು ಹತ್ತುವವರ ಮಾತು ಒಂದೇ: "ಇದನ್ನು ಮೊದಲಿನ ಹಾಗೆ ಮಾಡಿಕೊಡಿ."

ಫಿಲ್ಮಿನ ಕಾಲದಲ್ಲಿ ಈ ಕೆಲಸವನ್ನು ಕೈಯಿಂದ ಮಾಡುತ್ತಿದ್ದರು. ನೆಗೆಟಿವನ್ನು ಬೆಳಕಿಗೆ ಹಿಡಿದು, ಸೂಜಿಯಂತೆ ಚೂಪು ಮಾಡಿದ ಸೀಸದ ಕಡ್ಡಿಯಿಂದ ಅದರ ಮೇಲೆ ಚುಕ್ಕೆಗಳನ್ನಿಟ್ಟು ಮುಖದ ಕಲೆಗಳನ್ನು ಮರೆಸುವ ಕುಶಲಿಗಳಿದ್ದರು. ಕುಂಚದ ಕೂದಲು ದಪ್ಪವೆನಿಸಿದರೆ ಅವರೇ ಕತ್ತರಿಸಿಕೊಳ್ಳುತ್ತಿದ್ದರು. ಕಡ್ಡಿ ಮೊಂಡಾದರೆ ಅವರೇ ಹೆರೆದುಕೊಳ್ಳುತ್ತಿದ್ದರು. ಉಪಕರಣವೂ ಅದನ್ನು ಸರಿಪಡಿಸುವ ಅಧಿಕಾರವೂ ಒಂದೇ ಕೈಯಲ್ಲಿದ್ದವು. ಇಂದು ಆ ಕೆಲಸವನ್ನು ಗಣಕಯಂತ್ರದಲ್ಲಿ ಚಿತ್ರ ತಿದ್ದುವ ತಂತ್ರಾಂಶವು ಮಾಡುತ್ತದೆ. ಅದರ ವೇಗ ಹೆಚ್ಚು, ಸಾಮರ್ಥ್ಯವೂ ಹೆಚ್ಚು. ಆದರೆ ಅದರ ಕುಂಚವನ್ನು ಬಳಕೆದಾರನು ತನಗೆ ಬೇಕಾದಂತೆ ಹೆರೆದುಕೊಳ್ಳಲಾರನು. ಅದನ್ನು ತಯಾರಿಸಿದವರು ಸಾವಿರಾರು ಮೈಲಿಗಳ ಆಚೆ ಇದ್ದಾರೆ. ಕೊರತೆಯಿದ್ದರೆ ಅವರಿಗೆ ಹೇಳಬೇಕು. ಹೊಸ ಸೌಲಭ್ಯ ಬೇಕಾದರೆ ಕೇಳಬೇಕು. ಹೀಗೆ ಹೇಳುವುದೂ ಕೇಳುವುದೂ ತಂತ್ರಾಂಶದ ಬೆಳವಣಿಗೆಯ ಒಂದು ಮುಖ್ಯ ಅಂಗವಾಗಿದೆ.

ಈ ಬಗೆಯ ತಂತ್ರಾಂಶಗಳಲ್ಲಿ ಅತ್ಯಂತ ಪ್ರಸಿದ್ಧವಾದ ಫೋಟೋಶಾಪ್ ಹುಟ್ಟಿದ್ದೇ ಒಬ್ಬ ಬಳಕೆದಾರನ ಬೇಡಿಕೆಗಳಿಂದ. 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಯಾಗಿದ್ದ ಥಾಮಸ್ ನೋಲ್ ಎಂಬಾತನು ಕಪ್ಪು ಬಿಳುಪು ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸುವ ಒಂದು ಚಿಕ್ಕ ಕಾರ್ಯಕ್ರಮವನ್ನು ಬರೆದನು. ಅವನ ಸಹೋದರ ಜಾನ್ ನೋಲ್ ಚಲನಚಿತ್ರಗಳ ದೃಶ್ಯಚಮತ್ಕಾರದ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದನು. ಅವನು ಇದನ್ನು ನೋಡಿ ಸುಮ್ಮನಿರಲಿಲ್ಲ. ಒಂದು ಸೌಲಭ್ಯ ದೊರೆತೊಡನೆ ಮತ್ತೊಂದನ್ನು ಕೇಳಿದನು. ಹೀಗೆ ಕೇಳುತ್ತ, ಕೊಡುತ್ತ ಬೆಳೆದ ಕಾರ್ಯಕ್ರಮವು 1990ರ ಫೆಬ್ರುವರಿಯಲ್ಲಿ ಅಡೋಬಿ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದಿತು. ಕೇಳುವವನು ಮನೆಯವನೇ ಆಗಿದ್ದುದು ಥಾಮಸನ ಭಾಗ್ಯವೆನ್ನಬೇಕು. ಎಲ್ಲ ಬಳಕೆದಾರರಿಗೂ ತಯಾರಕನು ಅಷ್ಟು ಹತ್ತಿರದಲ್ಲಿರುವುದಿಲ್ಲ.

ಕನ್ನಡಿಗರು ಎಷ್ಟು ದೂರದಲ್ಲಿದ್ದರೆಂಬುದನ್ನು ತಿಳಿಯಲು ಮೂರು ಊರುಗಳ ಹೆಸರು ಸಾಕು. ಬೆಳ್ತಂಗಡಿಯ ಸ್ಟುಡಿಯೋದವನು ಮದುವೆಯ ಆಲ್ಬಮಿನ ಮೊದಲ ಪುಟದಲ್ಲಿ ಊರಿನ ಹೆಸರನ್ನು ಹಾಕಬೇಕಾಗಿದೆಯೆಂದು ಭಾವಿಸೋಣ. ಅವನು ಬೆರಳಚ್ಚಿಸಿದ್ದು ಸರಿಯಾಗಿಯೇ ಇದೆ. ಆದರೆ ಪರದೆಯ ಮೇಲೆ ಮೂಡುವುದು 'ಬೆಳ್‌ತಂಗಡಿ'. ಬಂಟ್ವಾಳದ ಗತಿಯೂ ಅದೇ. ಅದು 'ಬಂಟ್‌ವಾಳ' ಆಗುತ್ತದೆ. ಧರ್ಮಸ್ಥಳವಂತೂ ಎರಡು ಕಡೆ ಮುರಿದು 'ಧರ್‌ಮಸ್‌ಥಳ' ಎಂದಾಗುತ್ತದೆ. ಮೂಡುಬಿದಿರೆಯ ಹೆಸರಿನಲ್ಲಿ ಒತ್ತಕ್ಷರವಿಲ್ಲದ ಕಾರಣ ಅದು ಹೇಗೋ ಪಾರಾಗಬಹುದು. ಆದರೂ ಅಲ್ಲಿಯ ಗುಡಿಸು, ಕೊಂಬು, ಎತ್ವಗಳು ಅಕ್ಷರದೊಡನೆ ಕೂಡದೆ ಪಕ್ಕದಲ್ಲಿಯೋ ಮೇಲೆಯೋ ಅನಾಥವಾಗಿ ನಿಲ್ಲುವುದುಂಟು.

ಇದಕ್ಕೆ ಕಾರಣವೇನು? ಯಂತ್ರವು ಕನ್ನಡದ ಪ್ರತಿಯೊಂದು ಮೂಲಾಕ್ಷರಕ್ಕೂ ಪ್ರತಿಯೊಂದು ಸ್ವರಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. 1991ರಲ್ಲಿ ಹೊರಬಂದ ಯುನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಈ ಪದ್ಧತಿಯಲ್ಲಿ 'ಟ್ವಾ' ಎಂಬುದು ಒಂದು ಅಕ್ಷರವಲ್ಲ. ಟ, ಅರ್ಧಾಕ್ಷರದ ಚಿಹ್ನೆ, ವ, ದೀರ್ಘ ಎಂಬ ನಾಲ್ಕು ಸಂಕೇತಗಳ ಸಾಲು. ಇವನ್ನು ಕೂಡಿಸಿ, ವಕಾರವನ್ನು ಕಿರಿದುಮಾಡಿ ಟಕಾರದ ಕೆಳಗಿಡುವ ಕೆಲಸವನ್ನು ತಂತ್ರಾಂಶದ ಒಳಗೆ ಇನ್ನೊಂದು ವ್ಯವಸ್ಥೆ ಮಾಡಬೇಕು. 'ಧರ್ಮ' ಎಂಬಲ್ಲಿ ಇನ್ನೂ ಒಂದು ತೊಡಕು. ಮೊದಲು ಉಚ್ಚರಿಸುವ ರೇಫವು ಅರ್ಕಾವೊತ್ತಾಗಿ ಮಕಾರದ ಹಿಂದೆ ಹೋಗಿ ನಿಲ್ಲಬೇಕು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಸಾಲಾಗಿ ನಿಂತರೆ ಸಾಕು. ಆ ಲಿಪಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ತಂತ್ರಾಂಶವನ್ನು ಕಟ್ಟಿದವನಿಗೆ ಅಕ್ಷರವು ಅಕ್ಷರದ ಅಡಿಗೆ ಇಳಿಯುತ್ತದೆಂಬುದು ಹೊಳೆಯಲಿಲ್ಲವೆಂದರೆ ಆಶ್ಚರ್ಯವಿಲ್ಲ. ಅದನ್ನು ಅವನಿಗೆ ತಿಳಿಸಬೇಕಾದವರು ಕನ್ನಡ ಬಲ್ಲವರೇ.

ಉತ್ತರ ಬರುವ ತನಕ ಕೆಲಸ ನಿಲ್ಲುವಂತಿಲ್ಲವಷ್ಟೆ. ಆದುದರಿಂದ ನಾಡಿನ ಜಾಣರು ಒಂದು ಉಪಾಯವನ್ನು ಹೂಡಿದರು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಗಳನ್ನೂ ಒತ್ತುಗಳನ್ನೂ ಚೂರುಚೂರಾಗಿ ಕೂರಿಸಿದ ಅಕ್ಷರಮಾದರಿಗಳು ಬಳಕೆಗೆ ಬಂದವು. 'ನುಡಿ', 'ಬರಹ', 'ಶ್ರೀಲಿಪಿ'ಗಳ ಹೆಸರು ಮುದ್ರಣಾಲಯಗಳಲ್ಲಿ ಮನೆಮಾತಾಯಿತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಬೆರಳಚ್ಚಿನ ಶ್ರಮವನ್ನು ಬಹಳ ಮಟ್ಟಿಗೆ ಇಳಿಸಿದರು. ಹಳೆಯ ಅಕ್ಷರಮಾದರಿಗಳ ಉಪಾಯದಿಂದ ಚಿತ್ರದ ಮೇಲೆ ಕನ್ನಡವು ಚೆನ್ನಾಗಿಯೇ ಮೂಡಿತು. ಆದರೆ ಯಂತ್ರದ ಪಾಲಿಗೆ ಅದು ಕನ್ನಡವಾಗಿರಲಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿತ್ತು. ಅದೇ ಕಡತವನ್ನು ಆ ಅಕ್ಷರಮಾದರಿಯಿಲ್ಲದ ಬೇರೊಂದು ಅಂಗಡಿಯಲ್ಲಿ ತೆರೆದರೆ ವಧೂವರರ ಹೆಸರುಗಳು ಗುರುತು ಸಿಗದಂತಾಗುತ್ತಿದ್ದವು.

ಬಳಕೆದಾರರೇ ಕೂಡಿ ಬೆಳೆಸುವ, ಬೆಲೆಯಿಲ್ಲದೆ ದೊರೆಯುವ ಜಿಂಪ್ ಎಂಬ ತಂತ್ರಾಂಶದಲ್ಲಿ 2004ರ ವೇಳೆಗೆ ಹಲವು ಲಿಪಿಗಳನ್ನು ಜೋಡಿಸಬಲ್ಲ ವ್ಯವಸ್ಥೆ ಸೇರಿತು. ಅಡೋಬಿಯ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ 2012ರ ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತದ ಹಲವು ಲಿಪಿಗಳಿಗೆ ಆಸರೆ ದೊರೆಯಿತು. ಫೋಟೋಶಾಪ್‌ಗೂ ಅದು ಕ್ರಮೇಣ ಬಂದಿತು. ವಿನೋದವೆಂದರೆ, ಸೌಲಭ್ಯ ಬಂದ ಮೇಲೆಯೂ ದೂರು ನಿಲ್ಲಲಿಲ್ಲ. ಆಯ್ಕೆಗಳ ಪಟ್ಟಿಯ ಒಂದು ಮೂಲೆಯಲ್ಲಿ ಮಧ್ಯಪ್ರಾಚ್ಯ ಹಾಗೂ ದಕ್ಷಿಣ ಏಷ್ಯದ ಲಿಪಿಗಳೆಂಬ ಗುರುತನ್ನು ಹುಡುಕಿ ಒತ್ತಿದ ಹೊರತು ಒತ್ತಕ್ಷರಗಳು ಕೂಡುತ್ತಿರಲಿಲ್ಲ. ಕೊಟ್ಟದ್ದನ್ನು ಅಡಗಿಸಿಟ್ಟರೆ ಕೊಡದಿದ್ದಂತೆಯೇ ಸರಿ. ಇಂಥ ಸಂದರ್ಭದಲ್ಲಿ "ಕನ್ನಡ ಬರುವುದಿಲ್ಲ" ಎಂಬ ದೂರು ಸುಳ್ಳಾದರೂ ನಿರರ್ಥಕವಲ್ಲ. ಬಾಗಿಲು ಎಲ್ಲಿದೆಯೆಂದು ಬಂದವರಿಗೆ ಕಾಣುತ್ತಿಲ್ಲವೆಂಬುದನ್ನು ಅದು ಮನೆ ಕಟ್ಟಿದವನಿಗೆ ತಿಳಿಸುತ್ತದೆ.

ಬಳಕೆದಾರರ ಬೇಡಿಕೆಗಳು ಒಂದಕ್ಕೊಂದು ಹೊಂದಿಕೆಯಾಗುವುದೆಂಬ ನಿಯಮವೂ ಇಲ್ಲ. ಇದಕ್ಕೆ ಮೂಡುಬಿದಿರೆಯಲ್ಲಿ ಒಳ್ಳೆಯ ನಿದರ್ಶನವಿದೆ. ಧವಲಾ ಮೊದಲಾದ ಸಿದ್ಧಾಂತಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಶತಮಾನಗಳ ಕಾಲ ಉಳಿದು ಬಂದುದು ಈ ಊರಿನಲ್ಲಿ. ಇಲ್ಲಿಯ ಭಂಡಾರಗಳಲ್ಲಿರುವ ಓಲೆಗ್ರಂಥಗಳ ವಿವರಗಳನ್ನು ಒಳಗೊಂಡ ಸೂಚಿಯನ್ನು ವಿದ್ವಾಂಸರಾದ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದರು. ಅದು 1948ರಲ್ಲಿ ಪ್ರಕಟವಾಯಿತು. ಓಲೆಗಳನ್ನು ಪದೇ ಪದೇ ಮುಟ್ಟಿದರೆ ಅವು ಮುರಿಯುತ್ತವೆ. ಆದಕಾರಣ ಛಾಯಾಚಿತ್ರವನ್ನು ತೆಗೆದು, ಅದನ್ನು ತಿದ್ದಿ ಸ್ಪಷ್ಟಪಡಿಸಿ ಓದುವುದು ಉತ್ತಮ ಮಾರ್ಗ. ನೆರೆಯ ಉಡುಪಿಯಲ್ಲಿ ಪಲಿಮಾರು ಮಠದ ಸರ್ವಮೂಲ ಗ್ರಂಥದ ಓಲೆಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರು ಅವಕೆಂಪು ಕಿರಣಗಳ ನೆರವಿನಿಂದ ಚಿತ್ರಿಸಿ, ಕಪ್ಪಾದ ಗರಿಯಿಂದ ಅಕ್ಷರಗಳನ್ನು ಬೇರ್ಪಡಿಸಿ ತೋರಿಸಿದರು.

ಈಗ ಸ್ಟುಡಿಯೋದವನ ಬೇಡಿಕೆಯನ್ನೂ ಓಲೆಯ ವಿದ್ವಾಂಸನ ಬೇಡಿಕೆಯನ್ನೂ ಹೋಲಿಸಿ ನೋಡಬೇಕು. ಮೊದಲನೆಯವನು ಗೀರುಗಳನ್ನು ತಾನಾಗಿ ಅಳಿಸುವ ಕುಂಚವನ್ನು ಕೇಳುತ್ತಾನೆ. ಅಂಥ ಕುಂಚವು 2002ರಲ್ಲಿ ಫೋಟೋಶಾಪ್‌ಗೆ ಬಂದಿತು. ಅದು ಪಕ್ಕದ ಮೇಲ್ಮೈಯ ಬಣ್ಣವನ್ನೂ ನೇಯ್ಗೆಯನ್ನೂ ತಂದು ಕಲೆಯನ್ನು ಮುಚ್ಚುತ್ತದೆ. ಆದರೆ ಕಂಟದಿಂದ ಕೊರೆದ ಓಲೆಯಲ್ಲಿ ಅಕ್ಷರವೆಂದರೇ ಒಂದು ಗೀರು! ಹುಳು ಕೊರೆದ ತೂತೂ ದುಂಡಗಿರುತ್ತದೆ, ಅನುಸ್ವಾರದ ಸೊನ್ನೆಯೂ ದುಂಡಗಿರುತ್ತದೆ. ಒಬ್ಬನಿಗೆ ವರವಾದ ಉಪಕರಣವು ಇನ್ನೊಬ್ಬನ ಗ್ರಂಥದಿಂದ ಸಾಲುಗಳನ್ನೇ ಅಳಿಸಿಹಾಕೀತು. ವಿದ್ವಾಂಸನು ಕೇಳುವುದು ಬೇರೆ: ಮೂಲಚಿತ್ರವನ್ನು ಮುಟ್ಟಬಾರದು, ಮಾಡಿದ ಬದಲಾವಣೆಯು ಗಾಜಿನ ಹಾಳೆಯ ಮೇಲೆ ಬರೆದಂತೆ ಬೇರೆಯಾಗಿರಬೇಕು, ಬೇಡವೆಂದಾಗ ಅದನ್ನು ತೆಗೆದಿಡುವಂತಿರಬೇಕು. ಚಿತ್ರವನ್ನು ಪದರಪದರವಾಗಿ ಇಡುವ ಸೌಲಭ್ಯವು ಫೋಟೋಶಾಪ್‌ನಲ್ಲಿ 1994ರಲ್ಲಿಯೇ ದೊರೆತಿತ್ತು. ಜಿಂಪ್‌ನಲ್ಲಿ ಮೂಲವನ್ನು ಕೆಡಿಸದೆ ಪರಿಣಾಮಗಳನ್ನು ಹೊಂದಿಸುವ ವ್ಯವಸ್ಥೆಯು, ಬಳಕೆದಾರರು ಬಹುಕಾಲ ಕೇಳಿದ ಬಳಿಕ, 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಕೈಗೂಡಿತು.

ಬೇಡಿಕೆಯನ್ನು ಮಂಡಿಸುವುದಕ್ಕೂ ಒಂದು ಕ್ರಮವಿದೆ. "ನಿಮ್ಮ ತಂತ್ರಾಂಶ ಚೆನ್ನಾಗಿಲ್ಲ" ಎಂದು ಬರೆದರೆ ತಯಾರಕನಿಗೆ ಬೇಸರವಾಗುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ. ಯಾವ ಆವೃತ್ತಿ, ಯಾವ ಅಕ್ಷರಮಾದರಿ, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಲಾಯಿತು, ಏನು ಮೂಡಬೇಕಾಗಿತ್ತು, ಏನು ಮೂಡಿತು ಎಂಬುದನ್ನು ಪರದೆಯ ಚಿತ್ರದೊಡನೆ ಕಳುಹಿಸಿದರೆ, ಕನ್ನಡವನ್ನೇ ಅರಿಯದವನೂ ದೋಷವನ್ನು ತನ್ನ ಮೇಜಿನ ಮೇಲೆ ಮತ್ತೆ ಉಂಟುಮಾಡಿ ಪರೀಕ್ಷಿಸಬಲ್ಲನು. ಈ ದೃಷ್ಟಿಯಿಂದ 'ಬಂಟ್ವಾಳ' ಎಂಬ ಒಂದು ಪದ, ಅದರ ಸರಿಯಾದ ರೂಪ ಮತ್ತು ಮುರಿದ ರೂಪ, ನಾಲ್ಕು ಪುಟಗಳ ಕೋಪಕ್ಕಿಂತ ಹೆಚ್ಚು ಉಪಯುಕ್ತ.

ಇನ್ನು ಕೆಲವು ಬೇಡಿಕೆಗಳು ಈಡೇರಿದ ಮೇಲೆ ಪ್ರಶ್ನೆಗಳನ್ನು ಹುಟ್ಟಿಸುತ್ತವೆ. ಮದುಮಗಳ ಮುಖವನ್ನು ಬೆಳ್ಳಗೆ ಮಾಡಿಕೊಡಿರೆಂದು ಕೇಳುವ ಗಿರಾಕಿಗಳು ಮೊದಲೂ ಇದ್ದರು. ಸೀಸದ ಕಡ್ಡಿಯ ಕಾಲದಲ್ಲಿ ಅದಕ್ಕೆ ಗಂಟೆಗಟ್ಟಲೆ ದುಡಿಯಬೇಕಾಗಿತ್ತು. ಈಗ ಒಂದು ಗುಂಡಿಯನ್ನು ಒತ್ತಿದರೆ ಇಡೀ ದಿಬ್ಬಣವೇ ಬೆಳ್ಳಗಾಗುತ್ತದೆ. ಮೊಮ್ಮಕ್ಕಳು ಆ ಆಲ್ಬಮ್ ತೆರೆದು, ಅಜ್ಜಿಯ ಪಕ್ಕದಲ್ಲಿ ಕುಳಿತೇ ಅಜ್ಜಿ ಯಾರೆಂದು ಕೇಳಬೇಕಾದೀತು.

ನೆರೆಯಲ್ಲಿ ನೆಂದ ಚಿತ್ರದ ಮಾತಿಗೆ ಮರಳಿದರೆ, ಅಲ್ಲಿಯ ಕಷ್ಟವೂ ಇದೇ ಜಾತಿಯದು. ಕಲೆಯು ಸೆರಗಿನ ಮೇಲಿದ್ದರೆ ಪಕ್ಕದ ನೆರಿಗೆಯನ್ನು ನೋಡಿ ತುಂಬಬಹುದು. ಕಣ್ಣಿನ ಮೇಲಿದ್ದರೆ ತಂತ್ರಾಂಶವು ಒಂದು ಕಣ್ಣನ್ನು ಊಹಿಸುತ್ತದೆ. ಈಚಿನ ತಂತ್ರಾಂಶಗಳು ಅಸಂಖ್ಯ ಮುಖಗಳನ್ನು ನೋಡಿ ಕಲಿತ ಬಲದಿಂದ ಬಹು ಸುಂದರವಾದ ಕಣ್ಣನ್ನೇ ಬಿಡಿಸಬಲ್ಲವು. ಆದರೆ ಅದು ಆ ಅಜ್ಜಿಯ ಕಣ್ಣಲ್ಲ. ಯಾವ ಭಾಗವು ಚಿತ್ರದಲ್ಲಿ ಇದ್ದುದು, ಯಾವುದು ಯಂತ್ರದ ಊಹೆ ಎಂಬುದನ್ನು ಬೇರೆ ಬಣ್ಣದಲ್ಲಿ ತೋರಿಸುವ ಸೌಲಭ್ಯವನ್ನು ಸ್ಟುಡಿಯೋದವರು ಕೇಳಿದರೆ ಅದು ನ್ಯಾಯವಾದ ಬೇಡಿಕೆಯಾಗುತ್ತದೆ. ಅದು ದೊರೆಯುವ ತನಕ ಎಚ್ಚರಿಕೆಯುಳ್ಳ ಕೆಲಸಗಾರನು ತಿದ್ದಿದ ಪ್ರತಿಯೊಡನೆ, ಕಲೆ ಹಾಗೆಯೇ ಉಳಿದಿರುವ ಮೂಲದ ಪ್ರತಿಯನ್ನೂ ಅದೇ ಲಕೋಟೆಯಲ್ಲಿಟ್ಟು ಮನೆಯವರ ಕೈಗೆ ಕೊಡುತ್ತಾನೆ.